ಅಂಚೆಟ್ಟಿ ಬಸ್ಸಿಗೆ ಕತ್ತರಿಸಿದ ಸಿನಿಮಾಗಳು

ನಮ್ಮ ಬೀದಿಯ ಸಿನಿಮಾ ಆಪರೇಟರು ತೀರಿಕೊಂಡ ಮಾರನೆಯ ದಿನವೇ ಕಾಲುವೆ ಸೇತುವೆಯ ಪಕ್ಕ ಒಂದು ಫ್ಲೆಕ್ಸ್ ಎದ್ದು ನಿಂತಿತು. ಅದರಲ್ಲಿ ಹದಿನಾಲ್ಕು ಜನ ಬಿಳಿ ಅಂಗಿ ತೊಟ್ಟು, ಕೈಮುಗಿದು, ದುಃಖದಿಂದ ನಗುತ್ತಿದ್ದರು. ಹದಿನಾಲ್ಕೂ ಜನ ಗಟ್ಟಿಮುಟ್ಟಾಗಿ ಬದುಕಿರುವವರು. ಸತ್ತವರ ಮುಖ ಮಾತ್ರ ಮೇಲಿನ ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು. ಅದನ್ನೂ ರೇಷನ್ ಕಾರ್ಡಿನಿಂದ ಎತ್ತಿದ್ದರು. ಕೆಳಗೆ ‘ಕಲಾಸೇವೆಯ ಮೇರು’ ಎಂದು ಬರೆಸಿದ್ದರು. ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಆ ಮನುಷ್ಯ ಬದುಕಿಡೀ ಕಲೆಗೆ ಮಾಡಿದ ಸೇವೆಯೆಂದರೆ ಅದನ್ನು ಕತ್ತರಿ ತೆಗೆದುಕೊಂಡು ಕತ್ತರಿಸಿದ್ದು.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸ ಪುಕ್ಕಟೆ ಮಾಡುತ್ತೀರಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ತುಮಕೂರಿನ ಕಡೆಯಿಂದ ಬಂದ ಹೊಸದರಲ್ಲಿ ಬಾಡಿಗೆಗೆ ಮನೆ ಹುಡುಕುತ್ತಾ ಈ ಕಾಲುವೆ ಬೀದಿಗೆ ಬಂದೆ. ಮನೆ ತೋರಿಸಿದ ದಲ್ಲಾಳಿ, “ಸೈಲೆಂಟ್ ಏರಿಯಾ ಸಾರ್” ಎಂದ. ಸುಳ್ಳು ಹೇಳಲಿಲ್ಲ. ಅಣೆಕಟ್ಟಿನ ಕಾಲುವೆಯ ಏರಿಯ ಮೇಲೆ ಒಂದೇ ಸಾಲು ಮನೆ. ರಸ್ತೆ ಒಂದು ಮಾವಿನ ತೋಪಿಗೆ ಹೋಗಿ ಮುಗಿಯುತ್ತದೆ. ಎಲ್ಲಿಗೂ ಹೋಗದ ರಸ್ತೆಯಲ್ಲಿ ಯಾರು ಗಲಾಟೆ ಮಾಡುತ್ತಾರೆ? ಕಾಲುವೆಯಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು, ಉಳಿದ ತಿಂಗಳು ಆಡು. ನೀರು ಬಂದ ದಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು ತಮಿಳಿನಲ್ಲಿ ಮಾತು ಶುರು ಮಾಡಿ, ತೆಲುಗಿನಲ್ಲಿ ಜಗಳ ಕಾಯ್ದು, ಕನ್ನಡದಲ್ಲಿ ರಾಜಿಯಾಗುತ್ತಾರೆ. ಅದೊಂದೇ ಸದ್ದು.

ಈ ಬೀದಿಯ ತುದಿಯಲ್ಲಿ, ಹಿಂದೆ ಗೊಬ್ಬರದ ಮೂಟೆ ಇಡುತ್ತಿದ್ದ ಗೋಡೌನಿನಲ್ಲಿ ಆಪರೇಟರ ಸಿನಿಮಾ ಮ್ಯೂಸಿಯಂ ಇತ್ತು. ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬೋರ್ಡು. ಮೂರರಲ್ಲೂ ‘ಮ್ಯೂಸಿಯಂ’ ಅನ್ನುವ ಪದ ಚಿಕ್ಕದಾಗಿ, ‘ಚಪ್ಪಲಿ ಬಿಟ್ಟು ಬನ್ನಿ’ ಅನ್ನುವುದು ದೊಡ್ಡದಾಗಿ ಬರೆದಿತ್ತು. ಒಳಗೆ ನಟರ ಫೋಟೋ ಇಲ್ಲ, ಪೋಸ್ಟರ್ ಇಲ್ಲ, ಕಪ್ಪು ಕನ್ನಡಕವಿಲ್ಲ. ಒಂದು ಹಳೆಯ ಪ್ರೊಜೆಕ್ಟರು, ತುತ್ತೂರಿಯಂಥ ಒಂದು ಮೈಕು, ಮತ್ತೆ ಗೋಡೆಯುದ್ದಕ್ಕೂ ಮೊಳೆ ಹೊಡೆದು ನೇತುಹಾಕಿದ ಫಿಲ್ಮಿನ ತುಂಡುಗಳು. ಬಾಳೆಕಾಯಿ ಚಿಪ್ಸಿನ ಅಂಗಡಿಯಲ್ಲಿ ಪೊಟ್ಟಣಗಳನ್ನು ತೂಗಹಾಕುತ್ತಾರಲ್ಲ, ಹಾಗೆ.

ನಾನು ಮೊದಲ ಸಲ ಹೋದಾಗ ಅವರು ನನ್ನ ಕೈಗೆ ಒಂದು ಸ್ಕೆಚ್ ಪೆನ್ನು ಕೊಟ್ಟು, “ನಿಮ್ ಅಕ್ಷರ ಎಂಗೈತೆ ಸಾರ್?” ಎಂದರು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, “ನಾನೇ ಆಪರೇಟ್ರು. ನನ್ಗೇ ಆಪರೇಸನ್ನಾ?” ಎಂದು ಮಾತು ಹಾರಿಸುತ್ತಿದ್ದರು. ಅಂದಿನಿಂದ ಪ್ರತಿ ಭಾನುವಾರ ಆ ತುಂಡುಗಳಿಗೆ ಚೀಟಿ ಬರೆಯುವುದು ನನ್ನ ಕೆಲಸವಾಯಿತು. ಅವರು ಹೇಳುವುದು, ನಾನು ಬರೆಯುವುದು. ತಿದ್ದಲು ಹೋದರೆ ಕೋಪ. ಕೆಲವು ಚೀಟಿ ಹೀಗಿದ್ದವು:

‘ಕನಸಿನ ಹಾಡು. ಕತೆಗೆ ಬೇಕಿಲ್ಲ.’

‘ಜಡ್ಜಿನ ಮಾತು. ತೀರ್ಪು ಮಾತ್ರ ಬಿಟ್ಟಿದ್ದೆ.’

‘ಫೈಟು. ಜವಳಗಿರಿ ಕಡೆ ಆನೆ ಇಳಿದಿದ್ದ ವಾರ.’

‘ತಾಯಿ ಸಾಯುವಾಗ ಮಾಡಿದ ಭಾಷಣ. ಸಾವು ಇಟ್ಟಿದ್ದೆ.’

ಇದರ ಹಿಂದಿನ ಸಂಗತಿ ಇಷ್ಟು. ಅವರು ಕೆಲಮಂಗಲದ ಒಂದು ತಗಡಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಸಂತೆಯ ದಿನ ಅಂಚೆಟ್ಟಿ ಕಡೆಯ ಬೆಟ್ಟದ ಜನ ಹುಣಸೆ, ಅವರೆ, ಕೋಳಿ ಮಾರಲು ಬರುತ್ತಿದ್ದರು. ಮಾರಿದ ಮೇಲೆ ಮಧ್ಯಾಹ್ನದ ಆಟ ನೋಡುವುದು ಅವರ ರೂಢಿ. ಆಟ ಮೂರಕ್ಕೆ ಶುರು. ಬೆಟ್ಟಕ್ಕೆ ಹೋಗುವ ಕೊನೆಯ ಬಸ್ಸು ಐದೂ ಮುಕ್ಕಾಲಿಗೆ. ಬಸ್ಸು ತಪ್ಪಿದರೆ ಕಾಡುದಾರಿ. ಸಿನಿಮಾ ಮೂರು ಗಂಟೆಯದು. ಬಸ್ಸನ್ನು ಹಿಂದಕ್ಕೆ ಹಾಕೋಣವೆಂದರೆ ಅದು ಸರ್ಕಾರದ್ದು. ಆಟವನ್ನು ಮುಂದಕ್ಕೆ ತರೋಣವೆಂದರೆ ಟಾಕೀಸಿನ ಮಾಲೀಕರಿಗೆ ಜೋಯಿಸರು ಮೂರೇ ಗಂಟೆ ಎಂದು ಇಟ್ಟುಕೊಟ್ಟಿದ್ದರು. ಸರ್ಕಾರವನ್ನೂ ಗ್ರಹಗಳನ್ನೂ ಅಲ್ಲಾಡಿಸುವುದು ಆಗದ ಮಾತು. ಉಳಿದದ್ದು ಸಿನಿಮಾ ಒಂದೇ. ಅದು ಬಡಪಾಯಿ, ಕತ್ತರಿಗೆ ತಲೆ ಕೊಡುತ್ತಿತ್ತು.

ಆನೆ ಇಳಿದ ವಾರ ಜನ ಬೆಳಕಿದ್ದಾಗಲೇ ಮನೆ ಸೇರಬೇಕು. ಆ ವಾರ ಹಾಡು, ಫೈಟು ಎರಡೂ ಹೋಗುತ್ತಿದ್ದವು. ಮಳೆ ಬಂದರೆ ಡ್ರೈವರು ಬೇಗ ಹೊರಡುತ್ತಾನೆ, ಹಾಗಾಗಿ ಹಾಸ್ಯನಟನಿಗೆ ರಜೆ. ಸಂತೆ ಮುಗಿದ ಮೇಲೆ ತೆಗೆದ ತುಂಡುಗಳನ್ನು ಮತ್ತೆ ಅಂಟಿಸಬೇಕು. ಹೆಚ್ಚಿನವನ್ನು ಅಂಟಿಸುತ್ತಿದ್ದರಂತೆ. ಗಡಿಯಾರ ರಿಪೇರಿ ಮಾಡಿದ ಮೇಲೆ ಒಂದೆರಡು ತಿರುಪು ಉಳಿಯುತ್ತವಲ್ಲ, ಹಾಗೆ ಉಳಿದವು ಈ ಮ್ಯೂಸಿಯಮ್ಮಿಗೆ ಬಂದವು. ಒಂದು ಸಲ ಒಂದು ಚಿತ್ರದ ಹಾಡನ್ನು ಇನ್ನೊಂದಕ್ಕೆ ಅಂಟಿಸಿ ಕಳಿಸಿಬಿಟ್ಟಿದ್ದರು. “ಯಾರಾದ್ರೂ ಕೇಳಿದ್ರಾ?” ಎಂದೆ. “ಹೀರೋಯಿನ್ನು ಬದ್ಲಾಗವ್ಳೆ ಅಂತ ಡೆಂಕಣಿಕೋಟೆಯೋನೊಬ್ಬ ಕೇಳ್ದ. ಕನ್ಸಲ್ವೇನ್ಲಾ, ಕನ್ಸಿನಾಗೆ ಮನೆಯೋಳೇ ಬರ್ಬೇಕಾ, ಅಂದೆ. ಹೌದಲ್ಲಾ ಅಂತ ಹೋಗ್ಬುಟ್ಟ” ಎಂದರು.

ಎಷ್ಟು ಕತ್ತರಿಸಿದರೂ ಕೆಲವು ದಿನ ಗಂಟೆ ಮೀರುತ್ತಿತ್ತು. ಬಸ್ಸಿನ ಹಾರನ್ನು ಕೇಳುವ ಹೊತ್ತಿಗೆ ಕೊನೆಯ ರೀಲು ಇನ್ನೂ ಡಬ್ಬದಲ್ಲೇ. ಆಗ ಆಪರೇಟರು ಮಿಷಿನ್ನು ನಿಲ್ಲಿಸಿ, ಮೈಕು ಹಿಡಿದು ಮೂರೂ ಭಾಷೆಯಲ್ಲಿ ಕೂಗುತ್ತಿದ್ದರು. “ಬಸ್ ಬಂದೈತೆ! ಬಸ್ ವಂದಾಚ್ಚು! ಬಸ್ಸು ವಚ್ಚೇಸಿಂದಿ!” ಜನ ಗಂಟು ಎತ್ತಿಕೊಂಡು ಓಡುವಾಗ, ಸಿನಿಮಾ ಮುಂದೆ ಏನಾಗುತ್ತದೆಂದು ಅವರೇ ಮೈಕಿನಲ್ಲಿ ಕೂಗಿ ಮುಗಿಸುತ್ತಿದ್ದರು. ಹೀರೋ ಗೆದ್ದ, ಅಣ್ಣತಮ್ಮ ಒಂದಾದರು, ಕಳೆದುಹೋದ ಮಗು ಸಿಕ್ಕಿತು, ಹುಷಾರಾಗಿ ಹೋಗಿಬನ್ನಿ. ಬೆಟ್ಟದ ಜನ ಆ ಕೊನೆಯನ್ನು ಕೇಳಿಕೊಂಡೇ ಬಸ್ಸು ಹತ್ತುತ್ತಿದ್ದರು.

“ಅದು ಸಿನಿಮಾದಲ್ಲಿ ಇರೋ ಕೊನೆಯೇ ತಾನೆ?” ಎಂದು ಒಂದು ಭಾನುವಾರ ಕೇಳಿದೆ. ತಪ್ಪು ಹುಡುಕುವ ಚಟ.

ಅವರು ಮೂಲೆಯಲ್ಲಿದ್ದ ರಾಗಿ ಡಬ್ಬದ ಕಡೆ ನೋಡಿದರು. ಮ್ಯೂಸಿಯಮ್ಮಿನಲ್ಲಿ ಬೀಗ ಹಾಕಿದ ವಸ್ತು ಅದೊಂದೇ. ಬಾಗಿಲಿಗೂ ಬೀಗವಿರಲಿಲ್ಲ.

“ಸಾಯೋ ಪಿಚ್ಚರ್‌ನ ಸಾಯಂಗೇ ಹೇಳಿ ಕಳ್ಸಕ್ಕಾಯ್ತದಾ ಸಾರ್?” ಎಂದರು. “ಬಸ್ ಇಳಿದ್ಮ್ಯಾಲೆ ಎರಡು ಗಂಟೆ ಕಾಡ್ನಾಗೆ ನಡೀಬೇಕು ಅವ್ರು. ಅಳ್ತಾ ನಡೆದ್ರೆ ದಾರಿ ಕಾಣ್ತದಾ?”

ಆಮೇಲೆ ಆ ಡಬ್ಬದ ಕತೆ ಹೇಳಿದರು. ಹೊಸೂರಿಗೆ ಆಗತಾನೆ ಕಾರ್ಖಾನೆಗಳು ಬರುತ್ತಿದ್ದ ಕಾಲ. ಟಾಕೀಸಿಗೆ ಒಂದು ಅಳುಬುರುಕ ಚಿತ್ರ ಬಂತು. ಕುಡುಕ ಗಂಡ, ಹೊಡೆತ ತಿನ್ನುವ ಹೆಂಡತಿ. ಒಂದು ದಿನ ಅವಳು ಮನೆ ಬಿಟ್ಟು ಹೊರಟುಬಿಡುತ್ತಾಳೆ. ಮನೆ ಬಿಟ್ಟ ಹೆಂಗಸನ್ನು ಬದುಕಲು ಬಿಟ್ಟರೆ ಸಮಾಜ ಕೆಟ್ಟುಹೋಗುತ್ತದೆ ಎಂಬುದು ಆಗಿನ ನಿರ್ಮಾಪಕರ ಚಿಂತೆ. ಆದ್ದರಿಂದ ಕೊನೆಯ ರೀಲಿನಲ್ಲಿ ಅವಳು ಪಶ್ಚಾತ್ತಾಪಪಟ್ಟು ಹೊಳೆಗೆ ಇಳಿದು ಮುಳುಗುತ್ತಾಳೆ. ಸಂತೆಯ ದಿನ ಆ ರೀಲು ಹಾಕಲು ಹೊತ್ತಾಗಲಿಲ್ಲ. ಮೈಕು ಹಿಡಿದ ಆಪರೇಟರು, “ಅವಳು ಪಟ್ಣಕ್ಕೋಗಿ ಹೋಟ್ಲು ಇಟ್ಲು! ಚೆನ್ನಾಗವ್ಳೆ! ಗಂಡ ಬಂದು ಬಾಗ್ಲಾಗೆ ನಿಂತ, ಉಣ್ಣಾಕಿಕ್ಕಿ ಕಳ್ಸಿದ್ಲು! ಬಸ್ ಬಂದೈತೆ!” ಎಂದು ಮುಗಿಸಿದರು. ಹೋಟ್ಲು ಯಾಕೆ ಎಂದರೆ ಅವರಿಗೂ ಗೊತ್ತಿಲ್ಲ. ಬಾಯಿಗೆ ಬಂತು, ಅಂದರು.

ಮೂರು ದಿನ ಕಳೆದು ಬೆಟ್ಟದ ಹೆಂಗಸೊಬ್ಬಳು ಟಾಕೀಸಿನ ಹಿಂಬಾಗಿಲಿಗೆ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು, ಹಣೆಯ ಮೇಲೆ ಇನ್ನೂ ಮಾಗದ ಗಾಯ. “ಅಣ್ಣ, ಆವಮ್ಮ ಹೋಟ್ಲು ಇಟ್ಟಿದ್ದು ಯಾವ ಪಟ್ಣದಾಗೆ?” ಎಂದು ಕೇಳಿದಳು.

ಆಪರೇಟರು “ಹೊಸೂರು” ಎಂದುಬಿಟ್ಟರು. ಅವಳು ಅಲ್ಲೇ ನಿಂತಿದ್ದ ಹೊಸೂರು ಬಸ್ಸು ಹತ್ತಿ ಹೋದಳು.

ಅವಳೇ ನಮ್ಮ ಬೀದಿಯ ಮೆಸ್ಸಿನಕ್ಕ. ಕಾರ್ಖಾನೆಗೆ ಹೋಗುವ ನೂರಾರು ಜನರಿಗೆ ಇಷ್ಟು ವರ್ಷ ಮುದ್ದೆ, ಅನ್ನ, ಸಾರು ಹಾಕಿದವಳು. ನಾನೂ ಸಂಸಾರ ಕರೆತರುವವರೆಗೆ ಅವಳ ಎಲೆಯಲ್ಲೇ ಉಂಡವನು. ಅಂಗಡಿ ಹಾಕಿದ ಮೂರನೇ ವರ್ಷ ಗಂಡ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತನಂತೆ. ಅಕ್ಕ ಅವನನ್ನು ಕೂರಿಸಿ, ಹೊಟ್ಟೆ ತುಂಬ ಬಡಿಸಿ, ಬಸ್ ಸ್ಟ್ಯಾಂಡಿನ ದಾರಿ ತೋರಿಸಿದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದವರಿಗೆ, “ಪಿಚ್ಚರ್‌ನಾಗೂ ಅಂಗೇ ಅಲ್ವಾ?” ಎಂದಿದ್ದಳು.

ಅವಳು ಹೊಸೂರು ಬಸ್ಸು ಹತ್ತಿದ ದಿನವೇ ಆಪರೇಟರು ಆ ಕೊನೆಯ ರೀಲನ್ನು ಬಚ್ಚಿಟ್ಟರು. ಚಿತ್ರದ ಡಬ್ಬಗಳು ಮುಂದೆ ಹೊಸೂರಿನ ಟಾಕೀಸಿಗೆ ಹೋಗಬೇಕಿತ್ತು. ಕೇಳಲು ಬಂದ ವಿತರಕರ ಗುಮಾಸ್ತನಿಗೆ ಇಲಿ ತಿಂದುಬಿಟ್ಟಿತು ಎಂದರು. “ಡಬ್ಬ ಸಮೇತ ತಿಂತಾ?” ಎಂದ ಅವನು. “ದೊಡ್ಡ ಇಲಿ” ಎಂದರು. ಟಾಕೀಸು ಮುಚ್ಚಿದಾಗ ಬೇರೆ ಊರಿಗೆ ಹೋಗದೆ ಈ ಬೀದಿಗೇ ಬಂದು ಸೇರಿದರು. ತಾನು ಹೇಳಿದ ಸುಳ್ಳು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಒಬ್ಬ ಮನುಷ್ಯ ಮನೆ ಬದಲಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ದಿನಾ ಎರಡು ಹೊತ್ತು ಅಕ್ಕನ ಮೆಸ್ಸಿನಲ್ಲಿ ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ತುಟಿ ಬಿಚ್ಚುತ್ತಿರಲಿಲ್ಲ.

“ಸುಟ್ಟುಬಿಡಬಹುದಿತ್ತಲ್ಲ ಆ ರೀಲನ್ನ?” ಎಂದೆ.

“ಆಪರೇಟ್ರು ರೀಲ್ ಸುಡ್ತಾನಾ ಸಾರ್? ಕತ್ತರ್ಸೋದು ಬೇರೆ” ಎಂದರು. “ಆದ್ರೆ ಆವಮ್ಮನ ಕಣ್ಣಿಗೆ ಮಾತ್ರ ಅದು ಬೀಳ್ಬಾರ್ದು. ನಾನ್ ಸಾಯೋಗಂಟ ಬೀಳ್ಬಾರ್ದು. ನಂಬ್ಕಂಡು ಬಂದವ್ಳೆ.”

ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ಮಾತು ನಾನು ಬಡ್ತಿಗೆ ಕಾಯುವ ಕಾಲ ಬರುವವರೆಗೆ ಗಟ್ಟಿಯಾಗಿತ್ತು.

ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ಎಚ್‌ಆರ್ ಮೇಡಂಗೆ ಪರಂಪರೆಯ ಹುಚ್ಚು. ವಾರವಿಡೀ ಹೊಸ ಯಂತ್ರ ತಂದು ಹಳೆಯ ಕೆಲಸಗಾರರನ್ನು ಮನೆಗೆ ಕಳಿಸುವುದು, ಭಾನುವಾರ ಹಳೆಯ ಕಟ್ಟಡಗಳ ಮುಂದೆ ನಿಂತು ನಿಟ್ಟುಸಿರು ಬಿಡುವುದು. ಬೆಂಗಳೂರಿನಿಂದ ತಮ್ಮ ಹೆರಿಟೇಜ್ ವಾಕ್ ಗುಂಪನ್ನು ಹೊಸೂರಿಗೆ ಕರೆತರಬೇಕು, ಏನಿದೆ ಇಲ್ಲಿ, ಎಂದು ಕ್ಯಾಂಟೀನಿನಲ್ಲಿ ಕೇಳಿದರು. ನಾನು ತಟ್ಟೆ ಬಿಟ್ಟು ಎದ್ದು, ನಮ್ಮ ಬೀದಿ ಇದೆ, ಸಿನಿಮಾ ಮ್ಯೂಸಿಯಂ ಇದೆ ಎಂದೆ. ಅವರ ಕಣ್ಣು ಹೊಳೆಯಿತು. ಆ ಹೊಳಪಿನಲ್ಲಿ ನನಗೆ ನನ್ನ ಬಡ್ತಿ ಕಂಡಿತು. ಇನ್ನೂ ಹೊಳೆಯಲಿ ಎಂದು, ಯಾರೂ ನೋಡದ ಒಂದು ರೀಲೂ ಇದೆ, ಬೀಗ ಹಾಕಿದ್ದಾರೆ ಎಂದುಬಿಟ್ಟೆ. ಮೆಸ್ಸಿನಕ್ಕನ ವಿಷಯ ಹೇಳಲಿಲ್ಲ. ಅಷ್ಟು ಮಾನ ಉಳಿದಿತ್ತು.

ಇದು ನಡೆದು ಎರಡು ವರ್ಷವಾಯಿತು. ‘ಶಾಂತ ಕಾಲುವೆ, ಸಿನಿಮಾ ಮ್ಯೂಸಿಯಂ: ಒಂದು ದಿನ’ ಎಂಬ ಆಹ್ವಾನ ಮೊಬೈಲುಗಳಲ್ಲಿ ಓಡಾಡಿ, ಒಂದು ಭಾನುವಾರ ಬೆಳಿಗ್ಗೆ ಮಿನಿ ಬಸ್ಸಿನಲ್ಲಿ ಇಪ್ಪತ್ತೆರಡು ಜನ ಬಂದಿಳಿದರು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೋಪಿ, ಕೈಯಲ್ಲಿ ಪುಸ್ತಕ, ಪೆನ್ನು. ಕಾಲುವೆಯಲ್ಲಿ ಅದೃಷ್ಟವಶಾತ್ ನೀರಿತ್ತು. ಒಬ್ಬರು, “ಥೇಟ್ ಇಟಲಿ” ಎಂದರು. ನೀವು ಇಟಲಿಗೆ ಹೋಗಿದ್ದಿರಾ ಎಂದು ಕೇಳಿದೆ. ಹೋಗಿಲ್ಲವಂತೆ. ಸಾಲಾಗಿ ನಡೆಯುತ್ತಾ ಮನೆಗಳ ಮೆಟ್ಟಿಲು, ಕಟ್ಟೆ, ಒಣಹಾಕಿದ ಲಂಗ, ಕಾಲುವೆಗೆ ಚಾಚಿದ ಬಚ್ಚಲ ಕೊಳವೆ ಎಲ್ಲದರ ಫೋಟೋ ತೆಗೆದು ಬರೆದುಕೊಂಡರು. ಟೋಪಿ, ಪುಸ್ತಕ; ಜೊತೆಗೆ ಬೀದಿಯ ಕಟ್ಟೆ, ಚಪ್ಪರವೆಲ್ಲ ಕಾಲುವೆ ಒತ್ತುವರಿ. ನಮ್ಮ ಬೀದಿಯವರು ಎರಡಕ್ಕೆ ಎರಡು ಕೂಡಿಸಿದರು. ಯಾರೋ “ಸರ್ವೇಯೋರು!” ಎಂದು ಕೂಗಿದ್ದೇ ತಡ, ಕಟ್ಟೆಯ ಮೇಲಿನ ತಗಡಿನ ಚಪ್ಪರಗಳು ಒಂದೊಂದಾಗಿ ಒಳಗೆ ಹೋದವು. ಮೂರನೇ ಮನೆಯ ಯಜಮಾನರು ಕಂದಾಯದ ರಸೀತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಎಚ್‌ಆರ್ ಮೇಡಂ ಮುಂದೆ ಹಿಡಿದರು. ಮೇಡಂ ಅದನ್ನು ಪ್ರೀತಿಯಿಂದ ಸವರಿ, “ವಾಹ್, ಹಳೇ ಕಾಗದ” ಎಂದು ಫೋಟೋ ತೆಗೆದರು. ಪಾಪ, ಆ ಮನುಷ್ಯ ಮೂರು ದಿನ ನಿದ್ದೆ ಮಾಡಲಿಲ್ಲ.

ಮಧ್ಯಾಹ್ನ ಅಕ್ಕನ ಮೆಸ್ಸಿನಲ್ಲಿ ಊಟ. ಮುದ್ದೆ ನುಂಗುವುದು ಹೇಗೆಂದು ಇಪ್ಪತ್ತೆರಡು ಜನರಿಗೂ ಅಕ್ಕ ತೋರಿಸಿಕೊಟ್ಟಳು. ಆಮೇಲೆ ಪಾತ್ರೆಗಳನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅವರ ಹಿಂದೆಯೇ ಮ್ಯೂಸಿಯಮ್ಮಿಗೂ ಬಂದಳು. “ಪಕ್ಕದಾಗೇ ಇದ್ದು ನಾನು ಒಳೀಕ್ಕೇ ಬಂದಿಲ್ಲ ಕಣಪ್ಪ. ಈವಣ್ಣ ಕರೀಲೇ ಇಲ್ಲ” ಎಂದಳು.

ಆಪರೇಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋಲು ಹಿಡಿದು ಒಂದೊಂದೇ ತುಂಡು ತೋರಿಸಿದರು. ಹೋದ ಆನೆಗಳು, ಹೋದ ಮಳೆ, ತಪ್ಪದ ಬಸ್ಸು. ಒಬ್ಬ ಗಡ್ಡದವರು ಇದು ಆಧಿಪತ್ಯದ ಕಥನಕ್ಕೆ ಅಂಚಿನವರು ಒಡ್ಡಿದ ಪ್ರತಿರೋಧ ಎಂದು ವಿವರಿಸಿದರು. ಆಪರೇಟರು ಗೌರವದಿಂದ ಕೇಳಿಸಿಕೊಂಡು, “ಇಲ್ಲ ಸಾರ್, ಬಸ್ಸಿಗೆ” ಎಂದರು.

ಆಗ ಮೇಡಂ ಚಪ್ಪಾಳೆ ತಟ್ಟಿ, “ಈಗ ಆ ಸೀಕ್ರೆಟ್ ರೀಲ್!” ಎಂದರು. “ನಮ್ಮ ಕ್ವಾಲಿಟಿಯವರು ಎಲ್ಲ ಹೇಳಿದ್ದಾರೆ.”

ಆಪರೇಟರು ನನ್ನ ಕಡೆ ತಿರುಗಿದರು. ಪೊರೆ ಬಂದ ಆ ಕಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಅದು ಹಾಳಾಗೈತೆ, ಹುಳಿ ವಾಸ್ನೆ ಬತ್ತದೆ” ಎಂದರು. ಪರವಾಗಿಲ್ಲ ಎಂದರು ಮೇಡಂ. “ಸೌಂಡ್ ಬರಲ್ಲ.” ಪರವಾಗಿಲ್ಲ. “ಕೀ ಕಳೆದೋಗೈತೆ.” ಕೀ ಅವರ ಉಡುದಾರದಲ್ಲಿ ನೇತಾಡುತ್ತಿತ್ತು. ಯಾವ ಪಿಕ್ಚರು ಅದು ಎನ್ನುತ್ತಾ ಗಡ್ಡದವರು ಡಬ್ಬದ ಮೇಲಿನ ಹಳೆಯ ಚೀಟಿ ಓದಿ ಹೆಸರು ಹೇಳಿದರು.

“ಅದಾ!” ಎಂದಳು ಅಕ್ಕ. ಅವಳು ಮುಂದಕ್ಕೆ ಬಂದು ನೆಲದ ಮೇಲೆ ಕೂತೇಬಿಟ್ಟಳು. “ಹಾಕಣ್ಣ. ಅವತ್ತು ಬಸ್ಸು ಅಂತ ಎಬ್ಬಿಸ್ಬುಟ್ರಿ. ಆವಮ್ಮ ಹೋಟ್ಲು ಇಡೋದು ನಾನು ನೋಡ್ಲೇ ಇಲ್ಲ. ಈವತ್ತಾದ್ರೂ ನೋಡ್ತೀನಿ.”

ಇಪ್ಪತ್ತೆರಡು ಜನ ಮಾತ್ರ ಕೇಳಿದ್ದರೆ ಆಪರೇಟರು ಇಲ್ಲ ಎನ್ನುತ್ತಿದ್ದರು. ಅಕ್ಕ ಕೇಳಿದ ಮೇಲೆ ಆಗಲಿಲ್ಲ. ಉಡುದಾರದಿಂದ ಕೀ ತೆಗೆದು ನನ್ನ ಕೈಗೆ ಕೊಟ್ಟರು. “ನೀವೇ ತೆಗೀರಿ ಸಾರ್” ಎಂದರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಹಗುರಾಗುತ್ತಿತ್ತು.

ಬಾಗಿಲು, ಕಿಟಕಿ ಮುಚ್ಚಿ ಗೋಡೆಗೆ ಪಂಚೆ ಕಟ್ಟಿದೆವು. ಪ್ರೊಜೆಕ್ಟರು ಕೆಮ್ಮುತ್ತಾ ಓಡಿತು. ಪಂಚೆಯ ಮೇಲೆ, ಗೀರುಬಿದ್ದ ಬಿಳಿ ಸೀರೆಯ ಹೆಂಗಸೊಬ್ಬಳು ತಲೆ ಕೆದರಿಕೊಂಡು ನಡೆದು ಬಂದಳು. ಸದ್ದಿಲ್ಲ. ಆಪರೇಟರು ಎಡಗೈಯಲ್ಲಿ ಪ್ರೊಜೆಕ್ಟರು ಹಿಡಿದು ಬಲಗೈಯಲ್ಲಿ ಮೈಕು ಎತ್ತಿಕೊಂಡರು. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ!

“ಬತ್ತಾವ್ಳೆ ನೋಡಿ! ಹೋಟ್ಲಿಗೆ ನೀರು ತರಾಕೆ ಹೊಂಟವ್ಳೆ!”

“ಕೊಡ ಎಲ್ಲಿ?” ಎಂದರು ಟೋಪಿಯವರೊಬ್ಬರು.

“ಕೊಡ ಆ ಕಡೆ ದಡದಾಗೈತೆ!”

ಅವಳು ಹೊಳೆಗೆ ಇಳಿದಳು. ಮೊಣಕಾಲು, ಸೊಂಟ, ಎದೆ. “ಆಳ ಇಲ್ಲ, ಆಳ ಇಲ್ಲ! ಈಜ್ತಾಳೆ ಈಗ, ಬೆಟ್ಟದೋಳು, ಈಜು ಬತ್ತದೆ ಅವಳ್ಗೆ!” ಕತ್ತು ಮುಳುಗಿತು. ಕೈಯೊಂದು ಮೇಲೆ ಬಂತು. “ಟಾಟಾ ಮಾಡ್ತಾವ್ಳೆ!” ಕೈಯೂ ಹೋಯಿತು. ಬರೀ ನೀರು. ದಡದ ಮೇಲೆ ಜೋಡಿ ಚಪ್ಪಲಿ. ಆಪರೇಟರ ದನಿ ಒಡೆಯಿತು. “ಆ ಕಡೆ ಎದ್ದವ್ಳೆ… ರೀಲ್ ಸಾಲ್ಲಿಲ್ಲ ಅಷ್ಟೇ… ಆ ಕಡೆ ಹೋಟ್ಲೈತೆ…” ಅಷ್ಟರಲ್ಲಿ ನೀರಿನ ಮೇಲೆ ಹೂಬಳ್ಳಿಯ ನಡುವೆ ‘ಶುಭಂ’ ಎಂದು ಬಂತು. ಹೆಂಗಸನ್ನು ಮುಳುಗಿಸಿ ಶುಭಂ ಹಾಕುವ ಧೈರ್ಯ ಆ ಕಾಲದ ಸಿನಿಮಾಕ್ಕೆ ಮಾತ್ರ ಇತ್ತು. ಆಪರೇಟರು ಅದನ್ನೂ ಬಿಡಲಿಲ್ಲ. “ನೋಡಿದ್ರಾ! ಶುಭಂ ಅಂತ ಬರ್ದವ್ರೆ! ಸತ್ತಿದ್ರೆ ಬರೀತಿದ್ರಾ?”

ಬಲ್ಬು ಆರಿತು. ಇಪ್ಪತ್ತೆರಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಡ್ಡದವರ ಕಣ್ಣು ಒದ್ದೆಯಾಗಿತ್ತು. ಮೂಲಪಠ್ಯವನ್ನು ಹೀಗೆ ಒಡೆದು ಕಟ್ಟಿದ ಪ್ರದರ್ಶನವನ್ನು ತಾವು ವಿದೇಶದಲ್ಲೂ ನೋಡಿಲ್ಲ ಎಂದರು. ಮೇಡಂ ಎಲ್ಲರನ್ನೂ ಪಂಚೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಬಾಗಿಲು ತೆರೆದಾಗ ಅಕ್ಕ ಅಲ್ಲಿರಲಿಲ್ಲ.

ಅವಳು ಮೆಸ್ಸಿನ ಹಿಂದೆ, ಕಾಲುವೆಯ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಪಾತ್ರೆ ತಿಕ್ಕುತ್ತಿದ್ದಳು. ಆಪರೇಟರು ಗೋಡೆ ಸವರಿಕೊಂಡು ಅಲ್ಲಿಗೆ ಬಂದರು. ನಾನು ಅವರ ತೋಳು ಹಿಡಿದುಕೊಂಡಿದ್ದೆ. ಮೇಲಿನ ಮೆಟ್ಟಿಲಲ್ಲಿ ನಿಂತು ಅವರು, “ಆ ಕಡೆ ದಡದಾಗೆ ಎದ್ಲಮ್ಮ ಅವಳು” ಎಂದರು. ಮೈಕಿಲ್ಲದ ದನಿ ತೀರಾ ಸಣ್ಣದಾಗಿತ್ತು.

“ಪೊರೆ ಬಂದಿರೋದು ನಿಂಗೆ ಕಣಣ್ಣ, ನಂಗಲ್ಲ” ಎಂದಳು ಅಕ್ಕ. “ಸತ್ಲು. ನೋಡ್ದೆ.”

ಕಾಲುವೆಯಲ್ಲಿ ನೀರು ಹೋಗುತ್ತಿತ್ತು. ಆಪರೇಟರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. “ಸುಳ್ಳು ಹೇಳ್ಬುಟ್ಟೆ ನಿಂಗೆ. ಸುಳ್ಳು ನಂಬ್ಕಂಡು ಬಂದ್ಬುಟ್ಟೆ ನೀನು. ಅವತ್ತು ಇದ್ನ ಪೂರಾ ಹಾಕಿದ್ದಿದ್ರೆ ಏನ್ ಮಾಡ್ತಿದ್ಯೋ ಅಂತ ದಿನಾ ನೆನೀತೀನಮ್ಮ. ನಿನ್ನೆಲೆ ಮುಂದೆ ಕುಂತಾಗೆಲ್ಲ ನೆನೀತೀನಿ.”

ಅಕ್ಕ ಬೂದಿ ಮೆತ್ತಿದ ಕೈ ಹಾಗೇ ಮಡಿಲಲ್ಲಿಟ್ಟುಕೊಂಡಳು. ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು, ಊಟದ ಬೆಲೆ ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದಳು.

“ಅವತ್ತು ನಾನು ವಾಪಸ್ ಬಸ್ಸಿಗೆ ಕಾಸೇ ಇಟ್ಕಂಡು ಬಂದಿರ್ಲಿಲ್ಲ ಕಣಣ್ಣ. ಪಿಚ್ಚರ್ ಟಿಕೀಟಿಗೆ ಮಾತ್ರ ಇತ್ತು. ಒಂದು ಪಿಚ್ಚರ್ ನೋಡ್ಕಂಡು ಅಂಗೇ ಕೆರೆ ಕಡೀಕೆ ಹೋಗ್ಬುಡಣ ಅಂತ ಬಂದಿದ್ದು. ಈಗ ನೋಡಿದ್ನಲ್ಲ, ಆವಮ್ಮ ಹೋದಂಗೇ. ಅಷ್ಟ್ರಾಗೆ ನೀನು ಮೈಕ್‌ನಾಗೆ ಹೋಟ್ಲು ಅಂತ ಕೂಗ್ದೆ. ಬೆಳಿಗ್ಗಿಂದ ಏನೂ ತಿಂದಿರ್ಲಿಲ್ಲ. ಯಾಕೋ ಹಸಿವಾಗ್ಬುಡ್ತು. ಕಂಡಕ್ಟರ್‌ನ ಬೇಡ್ಕಂಡು ಬಸ್ ಹತ್ತಿ ಮನೇಗೋಗಿ ಉಂಡೆ. ಉಂಡ್ಮ್ಯಾಲೆ ಸಾಯಾಕೆ ಮನ್ಸು ಬರ್ಲಿಲ್ಲ.”

ಆಪರೇಟರು ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಜೋರಾಗಿ ಅತ್ತರು. ಅಕ್ಕ ಸುಮ್ಮನಿರು ಎಂದು ಹೇಳಲಿಲ್ಲ. ಆಚೆ ರಸ್ತೆಯಲ್ಲಿ ಮಿನಿ ಬಸ್ಸು ಬೀಳ್ಕೊಡಲು ನನ್ನನ್ನು ಕರೆಯುತ್ತಾ ಹಾರನ್ನು ಹೊಡೆಯುತ್ತಲೇ ಇತ್ತು. ನಾನು ಪ್ಯಾಂಟು ಮಡಚಿಕೊಂಡು ನೀರಿಗಿಳಿದು, ಅಕ್ಕ ತಿಕ್ಕಿಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕುತ್ತಾ ಹೋದೆ.